ಗೋ-ಬಿಟ್ವೀನ್ಸ್ ಅವರ ‘ಬಿಫೋರ್ ಹಾಲಿವುಡ್’: ಯಾರೂ ಹಾಕದ ರೆಕಾರ್ಡಿನ ಬಗ್ಗೆ ಸ್ವಲ್ಪ ಮಾತಾಡೋಣ

ಕಾಳಿ ದಂಡೆ, ಕಾರವಾರ

ಗೋ-ಬಿಟ್ವೀನ್ಸ್ ತಂಡ ಅಂದ ತಕ್ಷಣ ಗೊತ್ತಿದ್ದವರೆಲ್ಲ 1988ರ ‘16 ಲವರ್ಸ್ ಲೇನ್’ ಹೆಸರು ಹೇಳುತ್ತಾರೆ. ಒಳ್ಳೇ ಆಲ್ಬಮ್ಮೇ, ತಕರಾರಿಲ್ಲ. ಆದರೆ ಅದು ತಲೆ ಬಾಚಿ, ಪೌಡರ್ ಹಚ್ಚಿಕೊಂಡು ಫೋಟೋಕ್ಕೆ ನಿಂತ ಹಾಗಿದೆ. ನನ್ನ ಮಾತು ಕೇಳಿ, ಐದು ವರ್ಷ ಹಿಂದೆ ಹೋಗಿ. ಎಲ್ಲರೂ ಮರೆತುಬಿಟ್ಟ ಆಲ್ಬಮ್, 1983ರ ‘ಬಿಫೋರ್ ಹಾಲಿವುಡ್’ ಕೇಳಿ. ಅದೂ ಒಂದೆರಡು ಹಾಡು ಆರಿಸಿಕೊಂಡು ಅಲ್ಲ, ಮೊದಲಿಂದ ಕೊನೆ ತನಕ.

ಇದು ನನ್ನ ಹತ್ತಿರ ಬಂದಿದ್ದು ಮಾವನ ಪೆಟ್ಟಿಗೆಯಿಂದ. ಅವರು ಹಡಗಿನಲ್ಲಿ ಕೆಲಸಕ್ಕಿದ್ದರು, ಈ ಕಡೆ ಅಂಥವರಿಗೆ ಬರ ಇಲ್ಲ ಬಿಡಿ. ಎಂಬತ್ತರ ದಶಕದಲ್ಲಿ ರಜೆಗೆ ಬಂದಾಗೆಲ್ಲ ಸೋಪು, ಚಾಕಲೇಟಿನ ಜೊತೆ ನಾಲ್ಕಾರು ಎಲ್‌ಪಿ ತರುತ್ತಿದ್ದರಂತೆ. ಆ ಪೆಟ್ಟಿಗೆಯಲ್ಲಿ ಅಬ್ಬಾ ಇದೆ, ಬೋನಿ ಎಂ ಇದೆ. ಬೋನಿ ಎಂ ತಟ್ಟೆಯ ಗೀರು ನೋಡಿದರೇ ಸಾಕು, ಮನೆಯ ಒಂದೊಂದು ಮದುವೆಗೂ ಅದು ದುಡಿದಿದೆ ಅಂತ ಗೊತ್ತಾಗುತ್ತದೆ. ಬಿಫೋರ್ ಹಾಲಿವುಡ್‌ಗೆ ಮಾತ್ರ ಒಂದೂ ಗೀರಿಲ್ಲ. ಕವರಿನ ಅಂಚಿಗೆ ಬೂಷ್ಟು, ಹಿಂದುಗಡೆ ಪೌಂಡ್ ಲೆಕ್ಕದ ಬೆಲೆ ಚೀಟಿ, ಒಳಗೆ ತಟ್ಟೆ ಹೊಸದರ ಹಾಗೆ ಹೊಳೆಯುತ್ತಿದೆ. ಯಾರೂ ಹಾಕೇ ಇಲ್ಲ. ಹಾಕಿದ್ದರೂ ಒಂದು ಹಾಡಿಗೇ ತೆಗೆದಿರಬೇಕು. ಮದುವೆ ಮನೆಗೆ ಆಗುವ ಸರಕು ಅಲ್ಲವೇ ಅಲ್ಲ ಇದು.

ಗೊತ್ತಿಲ್ಲದವರಿಗೆ ಎರಡು ಮಾತು. ಇದು ಆಸ್ಟ್ರೇಲಿಯಾದ ಬ್ರಿಸ್ಬೇನ್ ಊರಿನ ತಂಡ. ರಾಬರ್ಟ್ ಫಾರ್ಸ್ಟರ್, ಗ್ರಾಂಟ್ ಮೆಕ್ಲೆನನ್ ಇಬ್ಬರೂ ಯೂನಿವರ್ಸಿಟಿ ಆಫ್ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಓದುವಾಗ ಸೇರಿಕೊಂಡವರು, 1977ರ ಕೊನೆಗೆ ತಂಡ ಕಟ್ಟಿದರು. ಗ್ರಾಂಟ್‌ಗೆ ಆಗ ವಾದ್ಯ ಬರುತ್ತಿರಲಿಲ್ಲ, ಸಿನಿಮಾ ಹುಚ್ಚು ಅವನಿಗೆ. ರಾಬರ್ಟ್ ಕೂತು ಬೇಸ್ ಗಿಟಾರ್ ಕಲಿಸಿದ. ಡ್ರಮ್ಸ್‌ಗೆ ಲಿಂಡಿ ಮಾರಿಸನ್ ಬಂದಳು. ಈ ಆಲ್ಬಮ್ಮಿನಲ್ಲಿ ಇರೋದು ಮುಖ್ಯವಾಗಿ ಈ ಮೂವರೇ. 1982ರ ಚಳಿ ಶುರುವಾಗುವ ಹೊತ್ತಿಗೆ ಇಂಗ್ಲೆಂಡಿನ ಕಡಲ ತೀರದ ಊರು ಈಸ್ಟ್‌ಬರ್ನ್‌ನಲ್ಲಿ ರೆಕಾರ್ಡ್ ಮಾಡಿದ್ದು, ಪ್ರೊಡ್ಯೂಸರ್ ಜಾನ್ ಬ್ರ್ಯಾಂಡ್, ಕಂಪನಿ ರಫ್ ಟ್ರೇಡ್.

ಸದ್ದು ಹೇಗಿದೆ ಅಂದರೆ, ಒಣ. ಗಿಟಾರಿಗೆ ಗುಡುಗು ಇಲ್ಲ, ಪ್ರತಿ ತಂತಿಯೂ ಬಿಡಿಬಿಡಿಯಾಗಿ ಕೇಳುತ್ತದೆ. ರಾಗ ಎಳೆದುಕೊಂಡು ಹೋಗುವ ಕೆಲಸ ಬಹಳ ಕಡೆ ಬೇಸ್‌ನದ್ದು. ಡ್ರಮ್ಸ್ ಎಲ್ಲೂ ಸುಮ್ನೆ ತಟ್ಟಿಕೊಂಡು ಕೂರುವುದಿಲ್ಲ, ಹಾಡುಗಾರನ ಜೊತೆ ವಾದಕ್ಕೆ ನಿಲ್ಲುತ್ತದೆ. ಮೊದಲ ಸಲ ಕೇಳಿದಾಗ ಎಲ್ಲೋ ಎಡವುತ್ತಿದೆ ಅನಿಸುತ್ತದೆ. ಎರಡನೇ ಬದಿಯ ಮೊದಲ ಹಾಡು ‘ಕ್ಯಾಟಲ್ ಅಂಡ್ ಕೇನ್’ ಅಂತೂ ಕಾಲಲ್ಲಿ ತಾಳ ಹಾಕಲಿಕ್ಕೇ ಬಿಡುವುದಿಲ್ಲ. ಆದರೂ ಆ ಹಾಡು ನನ್ನನ್ನು ಬಿಡುತ್ತಿಲ್ಲ.

ಆ ಹಾಡಿನಲ್ಲಿ ಒಬ್ಬ ಹುಡುಗ ಶಾಲೆಯಿಂದ ಕಬ್ಬಿನ ಗದ್ದೆ ದಾಟಿ ಮನೆಗೆ ಬರುತ್ತಾನೆ. ತಗಡು, ಮರದ ಮನೆ. ಆಕಾಶದಿಂದ ಬೂದಿ ಉದುರುತ್ತಿರುತ್ತದೆ. ಆಮೇಲೆ ಅದೇ ಹುಡುಗ ಸ್ವಲ್ಪ ದೊಡ್ಡವನಾಗಿ ಹಾಸ್ಟೆಲಲ್ಲಿ. ಆಮೇಲೆ ಕಾಲೇಜು, ಪುಸ್ತಕ. ಕೊನೆಗೆ ರೈಲು, ಊರ ಕಡೆ. ಅಷ್ಟೇ ಕಥೆ. ಗ್ರಾಂಟ್ ಇದನ್ನು ಬರೆದಿದ್ದು ಲಂಡನ್ನಿನಲ್ಲಿ, ಹಾಡುಗಾರ ನಿಕ್ ಕೇವ್‌ನ ಗಿಟಾರ್ ಕೈಗೆತ್ತಿಕೊಂಡು.

ಯಾರಾದ್ರೂ ಕೇಳಿದ್ದೀರಾ? ಕೇಳಿದ್ದರೆ ಹೇಗನಿಸಿತು ಹೇಳಿ. ಬೈದರೂ ಪರವಾಗಿಲ್ಲ.

ಶಿರಸಿ ಮಳೆ

ಬೈಯಬಹುದು ಅಂದಿದ್ದೀರಿ, ಹಾಗಾಗಿ ಧೈರ್ಯ ಮಾಡುತ್ತೇನೆ. ನಿಮ್ಮ ಮಾತು ನಂಬಿ ಫೋನಿನಲ್ಲಿ ಹಾಕಿದೆ. ಮೂರು ಹಾಡಿಗೇ ಸಾಕಾಯ್ತು ಮಾರಾಯ್ರೆ. ಸದ್ದು ತೆಳು. ಆ ರಾಬರ್ಟ್ ಅನ್ನುವವನು ಹಾಡುತ್ತಾನೋ, ಯಾರ ಮೇಲೋ ದೂರು ಹೇಳುತ್ತಾನೋ ತಿಳಿಯಲಿಲ್ಲ. ಶ್ರುತಿ ಒಂದು ಕಡೆ, ಸ್ವರ ಒಂದು ಕಡೆ. ನಮ್ಮಲ್ಲಿ ಗಾಯಕ ಹೀಗೆ ಹಾಡಿದರೆ ಮೊದಲ ಸಾಲಿನವರೇ ಎದ್ದು ಕವಳ ಉಗಿಯಲಿಕ್ಕೆ ಹೋಗುತ್ತಾರೆ.

ಇನ್ನೊಂದು ಪ್ರಶ್ನೆ, ವ್ಯಂಗ್ಯ ಅಲ್ಲ, ನಿಜವಾಗಿಯೂ ಕೇಳುತ್ತಿದ್ದೇನೆ. ಇಂಥ ಹಾಡುಗಳಿಗೆ ‘ಇಂಡಿ’ ಅನ್ನುತ್ತಾರಲ್ಲ, ಹಾಗಂದರೆ ಏನು? ಬಿಜಾಪುರದ ಕಡೆಯ ಇಂಡಿ ಅಲ್ಲ ಅಂತ ಗೊತ್ತು.

ಕುಮಟಾ ಕ್ಯಾಸೆಟ್

ಶಿರಸಿಯವರೇ, ಇಂಡಿ ಅಂದರೆ ಮೊದಲಿಗೆ ಅದೊಂದು ಸದ್ದಿನ ಹೆಸರೇ ಆಗಿರಲಿಲ್ಲ, ವ್ಯಾಪಾರದ ದಾರಿ ಅಷ್ಟೇ. ದೊಡ್ಡ ಕಂಪನಿಗಳ ಬಾಗಿಲು ತಟ್ಟದೆ ತಾವೇ ರೆಕಾರ್ಡ್ ಮಾಡಿ, ತಮ್ಮವರದೇ ಅಂಗಡಿಗಳ ಮೂಲಕ ಹಂಚುವುದು. ರಫ್ ಟ್ರೇಡ್ ಶುರುವಾಗಿದ್ದು 1976ರಲ್ಲಿ ಪಶ್ಚಿಮ ಲಂಡನ್ನಿನ ಒಂದು ಅಂಗಡಿಯಾಗಿ, ಜೆಫ್ ಟ್ರಾವಿಸ್ ಅನ್ನುವವರದು. 1978ರಲ್ಲಿ ಅದೇ ಅಂಗಡಿ ರೆಕಾರ್ಡ್ ಕಂಪನಿಯೂ ಆಯ್ತು. ನಮ್ಮ ಕರಾವಳಿಯಲ್ಲಿ ತಾಳಮದ್ದಳೆ ಕ್ಯಾಸೆಟ್ಟುಗಳನ್ನು ಸಣ್ಣ ಸಣ್ಣವರು ತಾವೇ ಮಾಡಿಸಿ ಬಸ್ ಸ್ಟ್ಯಾಂಡಿನ ಅಂಗಡಿಗಳಲ್ಲಿ ಮಾರುತ್ತಿದ್ದರಲ್ಲ, ಆ ಲೆಕ್ಕದಲ್ಲಿ ಅವೂ ಇಂಡಿಯೇ.

ಕಾರವಾರದವರಿಗೆ ಒಂದು ಮಾತು. ಈ ಆಲ್ಬಮ್ ಯಾಕೆ ಮೂಲೆ ಸೇರಿತು ಅನ್ನುವುದಕ್ಕೆ ಕಾರಣ ಹಾಡುಗಳಲ್ಲಿ ಮಾತ್ರ ಇಲ್ಲ. ಅದೇ 1983ರಲ್ಲಿ ಅದೇ ರಫ್ ಟ್ರೇಡ್‌ಗೆ ಸ್ಮಿತ್ಸ್ ಅನ್ನುವ ತಂಡ ಬಂತು. ಸಣ್ಣ ಕಂಪನಿ, ಕೈಯಲ್ಲಿ ಇದ್ದಷ್ಟೇ ದುಡ್ಡು. ಓಡುವ ಕುದುರೆ ಸಿಕ್ಕ ಮೇಲೆ ಹುಲ್ಲು ಎಲ್ಲಿಗೆ ಹೋಗುತ್ತದೆ ಹೇಳಿ. ಮುಂದಿನ ವರ್ಷ ಗೋ-ಬಿಟ್ವೀನ್ಸ್ ‘ಸ್ಪ್ರಿಂಗ್ ಹಿಲ್ ಫೇರ್’ ತಂದದ್ದು ಸೈರ್ ಕಂಪನಿಯಿಂದ, ಅಲ್ಲೂ ನಿಲ್ಲಲಿಲ್ಲ. 1986ಕ್ಕೆ ಬೆಗರ್ಸ್ ಬ್ಯಾಂಕ್ವೆಟ್. ಬಾಡಿಗೆ ಮನೆ ಬದಲಿಸುವುದರಲ್ಲೇ ಅವರ ಆಯುಷ್ಯ ಹೋಯ್ತು. ಇಂಗ್ಲೆಂಡಿನ ಟಾಪ್ 40ರೊಳಗೆ ಅವರ ಒಂದೂ ಹಾಡು ಕಾಲಿಡಲಿಲ್ಲ. 1989ರ ಡಿಸೆಂಬರಿನಲ್ಲಿ ತಂಡ ಒಡೆಯಿತು.

ಆದರೂ ನನ್ನ ವೋಟು 16 ಲವರ್ಸ್ ಲೇನ್‌ಗೇ. ಪೌಡರ್ ಹಚ್ಚಿದರೆ ಏನಾಯ್ತು ಸ್ವಾಮಿ, ಚಂದ ಕಾಣುವುದು ತಪ್ಪಾ? ಆಮೇಲೆ ತಂಡಕ್ಕೆ ಬಂದ ಅಮಾಂಡಾ ಬ್ರೌನ್ ವಯೊಲಿನ್, ಓಬೋ ಇಲ್ಲದ ಗೋ-ಬಿಟ್ವೀನ್ಸ್ ನನಗೆ ಅರ್ಧ ಊಟ.

ಮದ್ದಳೆ, ಹೊನ್ನಾವರ

ನನಗೆ ಇಂಗ್ಲಿಷ್ ಹಾಡಿನ ಗಂಧಗಾಳಿ ಇಲ್ಲ. ಮಗಳು ಈ ಚರ್ಚೆ ತೋರಿಸಿ, “ಅಪ್ಪಾ, ಇದಕ್ಕೆ ತಾಳ ಹಾಕು ನೋಡೋಣ” ಅಂದಳು. ಸವಾಲು ಅಂದ ಮೇಲೆ ಬಿಡೋದುಂಟಾ. ಕ್ಯಾಟಲ್ ಅಂಡ್ ಕೇನ್ ಹಾಕಿ ತೊಡೆಯ ಮೇಲೆ ಬೆರಳಿಟ್ಟು ಕೂತೆ.

ಮೊದಲು ಝಂಪೆ ಇರಬಹುದು ಅಂತ ಹತ್ತು ಎಣಿಸಿದರೆ ಒಂದು ಉಳಿಯುತ್ತದೆ. ತ್ರಿವುಡೆಯ ಏಳಕ್ಕೆ ಕೂರುವ ಮಾತೇ ಇಲ್ಲ. ಆಮೇಲೆ ಹಾಡುವವನನ್ನು ಬಿಟ್ಟು ಡ್ರಮ್ಸ್ ಮಾತ್ರ ಹಿಡಿದೆ. ಆಗ ಸಿಕ್ಕಿತು. ಹನ್ನೊಂದು. ಐದು, ಎರಡು, ನಾಲ್ಕು ಅಂತ ಮೂರು ತುಂಡು. ಬಾಯಲ್ಲಿ ಹೇಳಿಕೊಳ್ಳಿ:

ತಕ ತಕಿಟ | ತಕ | ತಕ ಧಿಮಿ

ಇದನ್ನೇ ಹಿಂದೆ ಹಿಂದೆ ಹೇಳುತ್ತಾ ಹೋಗಿ, ಪದ್ಯದ ಸಾಲು ಬಂದು ಅದರ ಮೇಲೆ ಕೂರುತ್ತದೆ. ನಡುವಿನ ಆ ಎರಡು ಇದೆಯಲ್ಲ, ಅಲ್ಲೇ ಇವರಿಗೆಲ್ಲ ‘ಎಡವಿದ’ ಹಾಗೆ ಕೇಳಿದ್ದು. ಎಡವಿದ್ದಲ್ಲ ಅದು, ಬೇಕೆಂದೇ ಕಾಲು ಚಿಕ್ಕದಿಟ್ಟದ್ದು. ನಮ್ಮ ಯಕ್ಷಗಾನದಲ್ಲಿ ದಿನಾ ಬಾರಿಸುವ ತಾಳಗಳಲ್ಲಿ ಹನ್ನೊಂದು ಇಲ್ಲ. ಹಿಂದೂಸ್ತಾನಿಯಲ್ಲಿ ರುದ್ರ ತಾಳ ಅಂತ ಇದೆ, ಹನ್ನೊಂದು ಮಾತ್ರೆ. ಕರ್ನಾಟಕಿಯಲ್ಲಿ ಮಿಶ್ರ ಜಾತಿ ತ್ರಿಪುಟ ತೆಗೆದುಕೊಂಡರೆ ಏಳು, ಎರಡು, ಎರಡು, ಅದೂ ಹನ್ನೊಂದೇ. ಆದರೆ ತುಂಡು ಬೇರೆ, ಹಾಗಾಗಿ ನಡೆಯೂ ಬೇರೆ.

ಬಾರಿಸಿದ ಹೆಣ್ಣುಮಗಳ ಕೈ ಶುದ್ಧ ಇದೆ. ತಾನು ಕಷ್ಟದ್ದು ಬಾರಿಸುತ್ತಿದ್ದೇನೆ ಅಂತ ತೋರಿಸಿಕೊಳ್ಳುವುದಿಲ್ಲ. ಕೆಲವರು ಮುಕ್ತಾಯ ಕೊಡುವಾಗ ಸಭೆಯ ಕಡೆ ನೋಡುತ್ತಾರಲ್ಲ, ಆ ಚಾಳಿ ಇಲ್ಲ.

ಕಾಳಿ ದಂಡೆ, ಕಾರವಾರ

ಮದ್ದಳೆಯವರೇ, ನಿಮಗೆ ಒಂದು ದೊಡ್ಡ ನಮಸ್ಕಾರ. ನಿಮ್ಮ ಬಾಯಿತಾಳ ಹೇಳಿಕೊಂಡು ಈಗಷ್ಟೇ ಮತ್ತೆ ಕೇಳಿದೆ. ಹಾಡು ಅದೇ, ನಾನು ಮಾತ್ರ ಈ ಸಲ ಅದರ ಒಳಗೆ ಕೂತಿದ್ದೆ. ಲಿಂಡಿ ಡ್ರಮ್ಸ್ ಹಿಡಿಯುವ ಮೊದಲು ಸೋಶಿಯಲ್ ವರ್ಕರ್ ಆಗಿದ್ದವಳು. ಈ ತಂಡದ ಬಗ್ಗೆ ಬರೆಯುವವರು ಹೆಚ್ಚಿನವರು ಇಬ್ಬರು ಹುಡುಗರ ಗೆಳೆತನದ ಸುತ್ತಲೇ ಸುತ್ತುತ್ತಾರೆ. ಕ್ಯಾಟಲ್ ಅಂಡ್ ಕೇನ್‌ನಿಂದ ಅವಳ ಪೆಟ್ಟು ತೆಗೆದು ನಾಲ್ಕರ ಲೆಕ್ಕಕ್ಕೆ ಕೂರಿಸಿದರೆ ಉಳಿಯುವುದು ಊರು ನೆನೆಸಿಕೊಂಡು ಹಾಡುವ ಇನ್ನೊಂದು ಹಾಡು, ಅಂಥವು ಸಾವಿರ ಇವೆ.

ಕುಮಟಾದವರೇ, ಅರ್ಧ ಊಟ ಅಂದಿರಲ್ಲ, ನೋಡಿಕೊಳ್ಳುತ್ತೇನೆ ನಿಮ್ಮನ್ನು.

ಹಳಿಯಾಳ ರವದಿ

ಆಕಾಶದಿಂದ ಬೂದಿ ಉದುರೋದು ಅಂತ ಬರೆದಿದ್ದೀರಲ್ಲ, ಅದನ್ನು ಬಹಳ ಮಂದಿ ಏನೋ ಕವಿತೆ ಅಂದುಕೊಳ್ಳುತ್ತಾರೆ. ಕವಿತೆ ಅಲ್ಲರೀ, ನೇರ ವರದಿ ಅದು. ಕಬ್ಬು ಬೆಳೆಯೋ ಊರಿನವರಿಗೆ ಬಿಡಿಸಿ ಹೇಳಬೇಕಿಲ್ಲ.

ನಮ್ಮ ಕಡೆ ಕಟಾವು ಮುಗಿದ ಮೇಲೆ ಹೊಲದಲ್ಲಿ ಉಳಿದ ರವದಿಗೆ, ಅಂದರೆ ಒಣ ಗರಿಗೆ, ಬೆಂಕಿ ಹಾಕುತ್ತಾರೆ. ಕ್ವೀನ್ಸ್‌ಲ್ಯಾಂಡಿನಲ್ಲಿ ಕಡಿಯುವ ಮೊದಲೇ, ನಿಂತ ಕಬ್ಬಿಗೇ ಬೆಂಕಿ ಕೊಡುತ್ತಿದ್ದರು. ಗರಿ ಮಾತ್ರ ಉರಿದು ಹೋಗುತ್ತದೆ, ಜಲ್ಲೆ ನೀರಿರುವುದರಿಂದ ನಿಲ್ಲುತ್ತದೆ. ಆಮೇಲೆ ಕಡಿಯೋದು ಸಲೀಸು. ಆದರೆ ಸುಟ್ಟ ಕಬ್ಬನ್ನು ಬೇಗ ಅರೆಯಬೇಕು, ಇಟ್ಟರೆ ಸಕ್ಕರೆ ಅಂಶ ಇಳಿಯುತ್ತದೆ. ಕರ್ರನೆಯ ಉದ್ದುದ್ದ ಎಳೆ ಗಾಳಿಯಲ್ಲಿ ಮೇಲೆ ಹೋಗಿ ಊರ ಮೇಲೆಲ್ಲ ಇಳಿಯುತ್ತದೆ. ಒಣ ಹಾಕಿದ ಬಟ್ಟೆ ಎಲ್ಲ ಹಾಳು. ನನ್ನ ಅವ್ವ ಇಂಥ ಹೊತ್ತಿನಲ್ಲಿ ಬೈಯುವ ಬೈಗುಳ ಇಲ್ಲಿ ಬರೆಯಲಿಕ್ಕಾಗುವುದಿಲ್ಲ.

ಇದರ ಹಿಂದೆ ಇನ್ನೊಂದು ಸಂಗತಿ ಇದೆ. ಅಲ್ಲಿ ಸುಡುವುದನ್ನು ಹಠ ಹಿಡಿದು ಕೇಳಿದ್ದು ಕಬ್ಬು ಕಡಿಯುವ ಕೂಲಿಗಳು. ಗದ್ದೆಯಲ್ಲಿ ಇಲಿ, ಇಲಿಯ ಉಚ್ಚೆಯಿಂದ ಇಲಿ ಜ್ವರ, ನಮ್ಮ ಕರಾವಳಿಯಲ್ಲಿ ಮಳೆಗಾಲದಲ್ಲಿ ಬರುತ್ತದಲ್ಲ, ಅದೇ. ಕೈಕಾಲಿಗೆ ಗಾಯ ಆಗಿಯೇ ಆಗುವ ಕೆಲಸ, ಜ್ವರ ಹತ್ತಿ ಜನ ಸಾಯುತ್ತಿದ್ದರು. ಸುಟ್ಟು ಕೊಟ್ಟರೆ ಮಾತ್ರ ಕಡಿಯುತ್ತೇವೆ ಅಂತ 1934, 1935ರಲ್ಲಿ ಉತ್ತರ ಕ್ವೀನ್ಸ್‌ಲ್ಯಾಂಡಿನಲ್ಲಿ ಮುಷ್ಕರಗಳೇ ಆದವು. ಆ ಹುಡುಗ ಕಂಡ ಬೂದಿಯ ಹಿಂದೆ ಇಷ್ಟೆಲ್ಲ ಇದೆ. ಈಗ ಅಲ್ಲಿ ಬಹುತೇಕ ಮಿಷನ್ನು, ಹಸಿ ಕಬ್ಬನ್ನೇ ಕಡಿಯುತ್ತಾರೆ, ಬೂದಿ ಕಡಿಮೆ.

ಹಾಡು ಕೇಳಿದೆ. ಚೊಲೋ ಐತಿ. ಮತ್ತ ಮೂರು ಸರ್ತಿ ಹಚ್ಚಿದೆ.

ಪಂಚಗಂಗಾ ಪ್ಯಾಸೆಂಜರ್

ಬೆಂಗಳೂರಿನಿಂದ ಊರಿಗೆ ಬರುವಾಗ ಇಡೀ ಆಲ್ಬಮ್ ಕೇಳಿಕೊಂಡು ಬಂದೆ. ಪಂಚಗಂಗಾ ಎಕ್ಸ್‌ಪ್ರೆಸ್, ಮೇಲಿನ ಬರ್ತು, ಘಾಟಿ ರಾತ್ರಿಯಲ್ಲೇ ದಾಟಿ ಹೋಗಿರುತ್ತದೆ. ಬೆಳಿಗ್ಗೆ ಭಟ್ಕಳ ಆದ ಮೇಲೆ ಬಾಗಿಲ ಹತ್ತಿರ ಬಂದು ನಿಂತು ಶರಾವತಿ ಸೇತುವೆ ನೋಡುವುದು ನನ್ನ ಅಭ್ಯಾಸ. ಆ ಹೊತ್ತಿಗೆ ಎರಡನೇ ಸುತ್ತಿನಲ್ಲಿ ಈ ಹಾಡು ಬಂತು.

ನಾನು ಹೇಳಬೇಕೆಂದಿದ್ದು ರೈಲಿನ ವಿಷಯ ಅಲ್ಲ. ರೈಲು, ಊರು, ನೆನಪು ಅಂದ ತಕ್ಷಣ ಎಲ್ಲರೂ ಕರಗಿ ಹೋಗುತ್ತಾರೆ, ನನಗೆ ಅದು ಸ್ವಲ್ಪ ಅಲರ್ಜಿ. ನನ್ನನ್ನು ನಿಲ್ಲಿಸಿದ್ದು ಗಡಿಯಾರ. ನಡುವೆ ಒಂದು ಸಾಲು ಬರುತ್ತದೆ. ಹುಡುಗ ಅಪ್ಪನ ವಾಚನ್ನು ಸ್ನಾನದ ಮನೆಯಲ್ಲಿ ಬಿಟ್ಟು ಬಂದಿದ್ದಾನೆ. ಅಷ್ಟೇ ಹೇಳಿ ಮುಂದೆ ಹೋಗುತ್ತಾನೆ. ಆಮೇಲೆ ಸಿಕ್ಕಿತೋ ಇಲ್ಲವೋ, ಅಪ್ಪ ಬೈದರೋ, ಒಂದೂ ಇಲ್ಲ. ನಾವಾಗಿದ್ದರೆ ಅದರ ಮೇಲೆ ಎರಡು ನುಡಿ ಅಳುತ್ತಿದ್ದೆವು. ಕಾರವಾರದ ಅಣ್ಣಾ, ಆ ವಾಚಿನ ಕಥೆ ಏನಾದ್ರೂ ಗೊತ್ತುಂಟಾ?

ಕಾಳಿ ದಂಡೆ, ಕಾರವಾರ

ನೀವು ಸರಿಯಾದ ಜಾಗಕ್ಕೇ ಕೈ ಹಾಕಿದ್ದೀರಿ. ನಾನು ಮೊದಲೇ ಬರೆಯಬೇಕೆಂದಿದ್ದೆ, ಯಾರಾದರೂ ಕೇಳಲಿ ಅಂತ ಬಿಟ್ಟಿದ್ದೆ.

ಗ್ರಾಂಟ್ ನಾಲ್ಕು ವರ್ಷದವನಿದ್ದಾಗ ಅಪ್ಪ ತೀರಿಕೊಂಡರು. ಅಮ್ಮ ಆಮೇಲೆ ಮತ್ತೆ ಮದುವೆಯಾದರು, ಮನೆ ದೂರದ ಉತ್ತರಕ್ಕೆ, ದನ ಸಾಕುವ ಹೊಲಕ್ಕೆ ಹೋಯಿತು. ಇವನನ್ನು ಓದಲಿಕ್ಕೆ ಬ್ರಿಸ್ಬೇನಿನ ಬೋರ್ಡಿಂಗ್ ಶಾಲೆಗೆ ಹಾಕಿದರು. ಬ್ರಿಸ್ಬೇನಿನಿಂದ ಉತ್ತರದ ಕೇರ್ನ್ಸ್‌ಗೆ ರೈಲು ದಾರಿ ಸುಮಾರು 1,680 ಕಿಲೋಮೀಟರ್. ನಮ್ಮ ಕೊಂಕಣ ರೈಲ್ವೆ ಈ ತುದಿಯಿಂದ ಆ ತುದಿಗೆ 740 ಆಸುಪಾಸು ಇದೆ, ಎರಡು ಸಲ ಹೋದರೂ ಸಾಲದು. ಅಷ್ಟು ದೂರ ರಜೆಗೆ ಹೋಗಿ ಬರುವ ಹುಡುಗ.

ಈಗ ರೆಕಾರ್ಡು ತೆಗೆದುಕೊಳ್ಳಿ. ಮೊದಲ ಬದಿಯ ನಾಲ್ಕನೇ ಹಾಡು ‘ಡಸ್ಟಿ ಇನ್ ಹಿಯರ್’. ನಿಧಾನದ ಹಾಡು, ವಾದ್ಯ ಕಡಿಮೆ, ಗ್ರಾಂಟ್ ಗಂಟಲು ಎತ್ತುವುದೇ ಇಲ್ಲ. ಅದು ಆ ಅಪ್ಪನ ಬಗ್ಗೆ. ಮುಖ ಸರಿಯಾಗಿ ನೆನಪಿರದ ವಯಸ್ಸಿನಲ್ಲಿ ಹೋದವರ ಬಗ್ಗೆ ಏನಂತ ಹಾಡುವುದು? ಅವನು ಕೋಣೆಯ ಧೂಳು ಹಾಡುತ್ತಾನೆ. ಅದಾದ ಮೇಲೆ ‘ಆಸ್ಕ್’, ರಾಬರ್ಟ್‌ನದು. ನನಗೆ ಈ ಆಲ್ಬಮ್ಮಿನಲ್ಲಿ ಸಪ್ಪೆ ಅನಿಸಿದ್ದು ಅದೊಂದೇ, ಇರಲಿ. ಆಮೇಲೆ ತಟ್ಟೆ ಮಗುಚಿ ಹಾಕಬೇಕು. ಮಗುಚಿದರೆ ಕ್ಯಾಟಲ್ ಅಂಡ್ ಕೇನ್, ಅದರ ನಡುವೆ ಆ ವಾಚು.

ಹಾಡು ಒಂದನ್ನೇ ಕೇಳಿದರೆ ಅದು ಬರೀ ಕಳೆದುಹೋದ ವಾಚು, ಶಾಲೆಯಲ್ಲಿ ಎಲ್ಲರೂ ಏನಾದರೊಂದು ಕಳೆದುಕೊಂಡಿರುತ್ತಾರೆ. ಸ್ವಲ್ಪ ಹೊತ್ತಿಗೆ ಮುಂಚೆ ಡಸ್ಟಿ ಇನ್ ಹಿಯರ್ ಕೇಳಿದವನಿಗೆ ಆ ವಾಚು ಯಾರದ್ದು ಅಂತ ಗೊತ್ತಿರುತ್ತದೆ. ಆಲ್ಬಮ್ಮನ್ನು ಸಾಲಾಗಿ ಕೇಳಿ ಅಂತ ನಾನು ಬಾಯಿ ಬಡಿದುಕೊಂಡಿದ್ದು ಇದಕ್ಕೇ. ಫೋನಿನಲ್ಲಿ ಷಫಲ್ ಹಾಕಿದರೆ ವಾಚು ಮೊದಲು ಬರುತ್ತದೆ, ಅಪ್ಪ ಆಮೇಲೆ. ಇಲ್ಲವೇ ಅಪ್ಪ ಬರುವುದೇ ಇಲ್ಲ.

ಇನ್ನೊಂದು. ಹಾಡಿನ ಕೊನೆಗೆ ಗ್ರಾಂಟ್ ನಿಲ್ಲಿಸಿದ ಮೇಲೆ ರಾಬರ್ಟ್ ಬಂದು ಕೆಲವು ಸಾಲು ಹಾಡದೆ, ಮಾತಿನಲ್ಲೇ ಹೇಳುತ್ತಾನೆ. ಗೆಳೆಯನ ನೆನಪಿನ ಒಳಗೆ ಬಂದು ತನಗೂ ನೆನಪುಂಟು ಅಂದ ಹಾಗೆ. ಭಾಗವತರ ಪದ ಮುಗಿದ ಮೇಲೆ ಅರ್ಥಧಾರಿ ಮಾತು ಎತ್ತುವುದು ಕೇಳಿ ಬೆಳೆದ ನಮಗೆ ಇದೇನು ವಿಚಿತ್ರ ಅನಿಸಬಾರದು. ಶಿರಸಿಯವರೇ, ದೂರು ಹೇಳುತ್ತಾನೆ ಅಂದಿರಲ್ಲ, ಆ ದನಿಯನ್ನು ಇಲ್ಲಿ ಒಮ್ಮೆ ಕೇಳಿ ನೋಡಿ.

ಅಂಕೋಲೆ ಅಕ್ಕ

ನಿಮ್ಮ ಚರ್ಚೆ ಚಂದ ಇದೆ, ಆದರೆ ನನಗೆ ಬೇಕಾಗಿದ್ದು ಬೂಷ್ಟಿನ ಸಮಾಚಾರ. ನಮ್ಮ ಮನೆಯ ರೆಕಾರ್ಡುಗಳಿಗೆಲ್ಲ ಬಿಳಿ ಬಿಳಿ ಚುಕ್ಕೆ ಬಂದಿದೆ. ಈ ಕಡಲ ಗಾಳಿ, ಈ ಮಳೆ, ಕಪಾಟಿನ ಬಾಗಿಲು ತೆಗೆದರೆ ವಾಸನೆ. ಯಾರೋ ಬಿಸಿಲಿಗೆ ಇಡಿ ಅಂದರು. ಇಡಬಹುದಾ ತಮಾ?

ಕಾಳಿ ದಂಡೆ, ಕಾರವಾರ

ಅಯ್ಯೋ ಅಕ್ಕಾ, ಬಿಸಿಲಿಗೆ ಮಾತ್ರ ಇಡಬೇಡಿ! ಹಪ್ಪಳದ ಗತಿ ಆಗುತ್ತದೆ. ಒಮ್ಮೆ ಬಾಗಿದ ತಟ್ಟೆ ನೆಟ್ಟಗಾಗುವುದು ಕಷ್ಟ.

ಬೂಷ್ಟು ಪ್ಲಾಸ್ಟಿಕ್ಕನ್ನು ತಿನ್ನುವುದಿಲ್ಲ. ತಟ್ಟೆಯ ಮೇಲಿನ ಧೂಳು, ನಮ್ಮ ಬೆರಳಿನ ಜಿಡ್ಡು, ಒಳಗಿನ ಕಾಗದದ ಚೀಲ, ಇವೇ ಅದಕ್ಕೆ ಊಟ. ಮೊದಲು ಆ ಹಳೇ ಕಾಗದದ ಚೀಲ ಎಸೆಯಿರಿ. ಡಿಸ್ಟಿಲ್ಡ್ ನೀರು ತನ್ನಿ, ಬ್ಯಾಟರಿಗೆ ಹಾಕುವ ಆಸಿಡ್ ಅಲ್ಲ, ಬರೀ ನೀರು, ಪೆಟ್ರೋಲ್ ಬಂಕಿನಲ್ಲೂ ಸಿಗುತ್ತದೆ. ಅದಕ್ಕೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದೆರಡು ಹನಿ. ಬೂಷ್ಟು ಜಾಸ್ತಿ ಇದ್ದರೆ ಐಸೊಪ್ರೊಪೈಲ್ ಆಲ್ಕೊಹಾಲ್ ಕಾಲು ಭಾಗ ಸೇರಿಸಬಹುದು. ಮೈಕ್ರೊಫೈಬರ್ ಬಟ್ಟೆ ಒದ್ದೆ ಮಾಡಿ ಗೆರೆ ಹೋದ ದಿಕ್ಕಿನಲ್ಲೇ ಸುತ್ತ ಒರೆಸಿ, ಅಡ್ಡಡ್ಡ ಒರೆಸಬೇಡಿ. ನಡುವಿನ ಲೇಬಲ್ಲಿಗೆ ನೀರು ತಾಗದಿರಲಿ. ಕೊನೆಗೆ ಬರೀ ನೀರಿನಿಂದ ಇನ್ನೊಮ್ಮೆ ಒರೆಸಿ, ಫ್ಯಾನಿನ ಕೆಳಗೆ ನಿಲ್ಲಿಸಿ ಒಣಗಿಸಿ.

ಇಡುವಾಗ ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಿ, ಒಂದರ ಮೇಲೊಂದು ಪೇರಿಸಬೇಡಿ. ಹೊರ ಗೋಡೆಗೆ ತಾಗಿದ ಕಪಾಟು ಬೇಡ, ಆ ಗೋಡೆ ಮಳೆಗಾಲ ಪೂರ್ತಿ ನೀರು ಕುಡಿದಿರುತ್ತದೆ. ಸಿಲಿಕಾ ಜೆಲ್ ಪೊಟ್ಟಣ ಇಡಿ. ನಮ್ಮಲ್ಲಿ ಮೂರು ಸಾವಿರ ಮಿಲಿಮೀಟರ್ ಸುರಿಯುವ ಊರಿನಲ್ಲಿ ನಾಲ್ಕು ಪೊಟ್ಟಣ ಯಾವ ಲೆಕ್ಕ ಅನ್ನುತ್ತೀರಿ, ಆದರೂ ಆಗಾಗ ಒಣಗಿಸಿ ಇಡುತ್ತಿದ್ದರೆ ವ್ಯತ್ಯಾಸ ಗೊತ್ತಾಗುತ್ತದೆ.

ಶಿರಸಿ ಮಳೆ

ಒಂದು ನಿಮಿಷ! ಅಂಕೋಲೆ ಅಕ್ಕ, ನಿಮ್ಮ ತಟ್ಟೆಗಳು ಯಾವ ಕಾಲದವು ಅಂತ ಮೊದಲು ನೋಡಿ. ಭಾರ ಇದ್ದು, ಬಿದ್ದರೆ ಬಳೆಯ ಹಾಗೆ ಒಡೆಯುವಂಥದ್ದು, 78 ಅಂತ ಬರೆದಿದ್ದರೆ ಅದು ಅರಗಿನ ರೆಕಾರ್ಡು. ಅದಕ್ಕೆ ಆಲ್ಕೊಹಾಲ್ ತಾಗಿಸಿದರೆ ಮುಗೀತು, ಅರಗು ಕರಗಿ ಹೋಗುತ್ತದೆ. ನನ್ನ ಅಜ್ಜನ ಕಾಲದ ನಾಟಕದ ಹಾಡುಗಳ ತಟ್ಟೆ ನಮ್ಮಲ್ಲಿವೆ, ಆ ಮನೆಯಲ್ಲಿ ನಾನೇ ಅದಕ್ಕೆ ಪೂಜಾರಿ. ಅವನ್ನು ಬರೀ ಡಿಸ್ಟಿಲ್ಡ್ ನೀರು, ಒಂದು ಹನಿ ಸೋಪಿನಲ್ಲಿ ಒರೆಸಿ ಬೇಗ ಒಣಗಿಸುವುದು. ಮುಳ್ಳೂ ಬೇರೆ ಬೇಕು, ಎಲ್‌ಪಿಯ ಮುಳ್ಳು ಅದಕ್ಕೆ ಹೊಂದುವುದಿಲ್ಲ, ಗೆರೆ ಅಗಲ.

ಅಂಕೋಲೆ ಅಕ್ಕ

ಬದುಕಿಸಿದಿರಿ. ಐದಾರು 78ರವೂ ಇವೆ, ಬೇರೆ ತೆಗೆದಿಟ್ಟೆ.

ಹಳಿಯಾಳ ರವದಿ

ಕಾರವಾರದವರೇ, ಪ್ಲೇಯರ್ ಯಾವುದು? ನಮ್ಮಲ್ಲಿ ಒಂದು ಹಳೇದು ಅಟ್ಟದ ಮೇಲಿದೆ, ತಿರುಗುತ್ತದೆ, ಆದರೆ ಹಾಡೆಲ್ಲ ನಿದ್ದೆಗಣ್ಣಿನಲ್ಲಿ ಹಾಡಿದ ಹಾಗೆ.

ಕಾಳಿ ದಂಡೆ, ಕಾರವಾರ

ನನ್ನದು ಮಾವನದೇ, ಜಪಾನಿನ ಬೆಲ್ಟ್ ಡ್ರೈವ್. ನಿಮ್ಮದರ ಬೆಲ್ಟ್ ಸಡಿಲ ಆಗಿರುತ್ತದೆ. ನನ್ನದರ ಬೆಲ್ಟ್ ಟಾರಿನ ಹಾಗೆ ಕರಗಿ ಗಾಲಿಗೆ ಅಂಟಿಕೊಂಡಿತ್ತು. ಹೊಸ ಬೆಲ್ಟ್ ಅಂತ ಒಬ್ಬರು ಕಳಿಸಿದ್ದು ಅಳತೆಯಲ್ಲೇ ದೊಡ್ಡದು, ವಾಪಸ್ ತಗೊಳ್ಳಲಿಕ್ಕೂ ಒಪ್ಪಲಿಲ್ಲ. ಹಾಗಾಗಿ ಹಳೇ ಬೆಲ್ಟಿನ ಉದ್ದ ನೂಲಿನಿಂದ ಅಳೆದುಕೊಂಡೇ ತರಿಸಿ. ಫೋನನ್ನು ತಟ್ಟೆಯ ಮೇಲಿಟ್ಟು ತಿರುಗಿಸಿದರೆ ನಿಮಿಷಕ್ಕೆ ಎಷ್ಟು ಸುತ್ತು ಅಂತ ತೋರಿಸುವ ಆ್ಯಪ್‌ಗಳಿವೆ, 33⅓ ಬರಬೇಕು. ಮದ್ದಳೆಯವರಂಥವರಿದ್ದರೆ ಆ್ಯಪ್ ಬೇಡ, ಶ್ರುತಿ ಇಳಿದಿದೆ ಅಂತ ಅವರೇ ಹೇಳುತ್ತಾರೆ.

ಕುಮಟಾ ಕ್ಯಾಸೆಟ್

ಬೆಲ್ಟು, ಬೂಷ್ಟು ಬಿಟ್ಟು ಸ್ವಲ್ಪ ಈ ಕಡೆ ಬನ್ನಿ. ಡಸ್ಟಿ ಇನ್ ಹಿಯರ್ ಮತ್ತು ವಾಚಿನ ಮಾತು ಒಪ್ಪಿದೆ, ಆ ಜೋಡಣೆ ನಾನು ಗಮನಿಸಿರಲಿಲ್ಲ. ಆದರೆ ಮರೆತುಹೋದ ಆಲ್ಬಮ್ ಅನ್ನುವುದಕ್ಕೆ ನನ್ನ ತಕರಾರಿದೆ. ನಮಗೆ ಗೊತ್ತಿಲ್ಲ ಅಂದರೆ ಮರೆತುಹೋದದ್ದು ಅಂತಲ್ಲ. 2001ರಲ್ಲಿ ಆಸ್ಟ್ರೇಲಿಯಾದ ಹಾಡು ಬರೆಯುವವರ ಸಂಸ್ಥೆ ಆಪ್ರಾ ಎಪ್ಪತ್ತೈದು ವರ್ಷಗಳ ಅತ್ಯುತ್ತಮ 30 ಹಾಡು ಅಂತ ಪಟ್ಟಿ ಮಾಡಿತು, ಅದರಲ್ಲಿ ಕ್ಯಾಟಲ್ ಅಂಡ್ ಕೇನ್ ಇದೆ. ಬ್ರಿಸ್ಬೇನಿನಲ್ಲಿ ನದಿಗೆ ಹೊಸ ಸೇತುವೆ ಕಟ್ಟಿ 2010ರಲ್ಲಿ ತೆರೆದಾಗ ಅದಕ್ಕೆ ಗೋ ಬಿಟ್ವೀನ್ ಬ್ರಿಜ್ ಅಂತ ಇವರ ಹೆಸರನ್ನೇ ಇಟ್ಟರು, ಜನರ ವೋಟಿನಿಂದ. ಟಾಪ್ 40 ಮುಟ್ಟದವರ ಹೆಸರಿನಲ್ಲಿ ಸೇತುವೆ!

ಅದನ್ನು ನೋಡಲಿಕ್ಕೆ ಗ್ರಾಂಟ್ ಇರಲಿಲ್ಲ ಅನ್ನುವುದು ಬೇರೆ ಮಾತು. 2000ದಲ್ಲಿ ತಂಡ ಮತ್ತೆ ಸೇರಿ ಮೂರು ಆಲ್ಬಮ್ ಮಾಡಿದ ಮೇಲೆ, 2006ರ ಮೇ 6ರಂದು ಹೃದಯಾಘಾತ. ವಯಸ್ಸು 48.

ಪಂಚಗಂಗಾ ಪ್ಯಾಸೆಂಜರ್

ಸೇತುವೆ ಅಂದ ತಕ್ಷಣ ಕಾರವಾರದವರು ಏನು ಹೇಳುತ್ತಾರೋ ನೋಡೋಣ.

ಕಾಳಿ ದಂಡೆ, ಕಾರವಾರ

ಏನು ಹೇಳೋದು. ನಮ್ಮ ಹಳೇ ಕಾಳಿ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿದು ಹೊಳೆಗೆ ಬಿತ್ತು, ಒಂದು ಲಾರಿ ಸಮೇತ. ಪುಣ್ಯಕ್ಕೆ ಚಾಲಕನನ್ನು ಎತ್ತಿ ಬದುಕಿಸಿದರು. ಸದಾಶಿವಗಡದ ಕಡೆಯವರು, ನಾವು, ಎಲ್ಲರೂ ಬೆಳಿಗ್ಗೆ ದಂಡೆಯಲ್ಲಿ ನಿಂತು ನೋಡಿದ್ದು. ನಮ್ಮ ಕಡೆ ಸೇತುವೆಗೆ ಹಾಡುಗಾರರ ಹೆಸರಿಡುವ ಮೊದಲು ಅದು ನಿಲ್ಲುತ್ತದಾ ಅಂತ ನೋಡಿಕೊಳ್ಳಬೇಕು.

ಮರೆತುಹೋದದ್ದು ಅಂದದ್ದಕ್ಕೆ ಉತ್ತರ: ಹಾಡು ಮರೆತಿಲ್ಲ, ಆಲ್ಬಮ್ ಮರೆತಿದ್ದಾರೆ. ಪಟ್ಟಿಗೆ ಹೋದದ್ದು ಕ್ಯಾಟಲ್ ಅಂಡ್ ಕೇನ್ ಒಂದೇ, ಉಳಿದ ಒಂಬತ್ತು ಎಲ್ಲಿ ಹೋದವು? ‘ಬೈ ಚಾನ್ಸ್’ ಕೇಳಿ. ರಾಬರ್ಟ್ ಒಂದೊಂದು ಪದವನ್ನೂ ಕಿತ್ತು ಕಿತ್ತು ಒಗೆಯುತ್ತಾನೆ, ಗಿಟಾರು ಅದರ ಹಿಂದೆ ಓಡುತ್ತದೆ. ಕೊನೆಯ ‘ದಟ್ ವೇ’ ಇಡೀ ಆಲ್ಬಮ್ಮಿನಲ್ಲಿ ಸಲೀಸಾಗಿ ಕಿವಿಗೆ ಹತ್ತುವ ಹಾಡು, 16 ಲವರ್ಸ್ ಲೇನ್ ಇಷ್ಟ ಇರುವವರು ಅಲ್ಲಿಂದಲೇ ಶುರು ಮಾಡಬಹುದು. ಛೆ, ಸಾಲಾಗಿ ಕೇಳಿ ಅಂದವನೇ ಹೀಗೆ ಹೇಳುತ್ತಿದ್ದೇನೆ. ಕುಮಟಾದವರಿಗೆ ಮಾತ್ರ ಈ ರಿಯಾಯಿತಿ.

ಮದ್ದಳೆ, ಹೊನ್ನಾವರ

ಮಗಳು ಈಗ ಇಡೀ ದಿನ ಅದೇ ಹಾಕುತ್ತಾಳೆ. ಬೈ ಚಾನ್ಸ್‌ಗೆ ತಾಳದ ತೊಂದರೆ ಏನೂ ಇಲ್ಲ. ಆದರೆ ಆ ಹಾಡುಗಾರ ಸಾಲು ಎತ್ತುವ ಜಾಗ ಸ್ವಲ್ಪ ಹಿಂದೆ ಮುಂದೆ ಆಗುತ್ತದೆ, ಅನಾಗತ, ಅತೀತ ಅಂತ ನಾವು ಹೇಳುವುದುಂಟು. ಬೇಕೆಂದು ಮಾಡುವುದೋ, ಬರದೇ ಆಗುವುದೋ?

ಕುಮಟಾ ಕ್ಯಾಸೆಟ್

ರಾಬರ್ಟ್ ವಿಷಯದಲ್ಲಿ ಎರಡೂ ಹೌದು. ಗ್ರಾಂಟ್ ರಾಗದವನು, ಇವನು ಮಾತಿನವನು. ಮುಂದೆ ಪತ್ರಿಕೆಗೆ ಸಂಗೀತ ವಿಮರ್ಶೆ ಬರೆದು ಅದಕ್ಕೂ ಬಹುಮಾನ ತಗೊಂಡ. 2016ರಲ್ಲಿ ಗೆಳೆಯನ ಬಗ್ಗೆ ಒಂದು ಪುಸ್ತಕವನ್ನೂ ಬರೆದ.

ಶಿರಸಿ ಮಳೆ

ಸರಿ ಮಾರಾಯ್ರೆ. ಹೆಡ್‌ಫೋನ್ ಹಾಕಿ, ಸಾಲಾಗಿ, ಷಫಲ್ ಇಲ್ಲದೆ ಕೇಳಿದೆ. ಡಸ್ಟಿ ಇನ್ ಹಿಯರ್ ಒಪ್ಪಿಕೊಂಡೆ. ಕ್ಯಾಟಲ್ ಅಂಡ್ ಕೇನ್‌ಗೆ ಮದ್ದಳೆಯವರ ಬಾಯಿತಾಳ ಹಾಕಿಕೊಂಡು ಕೂತಿದ್ದೆ, ಹೆಂಡತಿ ಬಂದು ಯಾವ ಮೇಳ ಅಂತ ಕೇಳಿದಳು. ಕೊನೆಯಲ್ಲಿ ರಾಬರ್ಟ್ ಮಾತಾಡುವ ಜಾಗ ನಿಜಕ್ಕೂ ಚಂದ. ಆದರೆ ಅವನು ಹಾಡುವಾಗ ನನಗೆ ಈಗಲೂ ಹಲ್ಲು ಜುಮ್ ಅನ್ನುತ್ತದೆ, ಆ ವಿಷಯದಲ್ಲಿ ರಾಜಿ ಇಲ್ಲ. ಆಸ್ಕ್ ಸಪ್ಪೆ ಅಂದಿರಿ, ನನಗೆ ಅವನ ಹಾಡುಗಳಲ್ಲಿ ಸಹಿಸಲಿಕ್ಕೆ ಆದದ್ದು ಅದೊಂದೇ.

ಕಾಳಿ ದಂಡೆ, ಕಾರವಾರ

ಆಸ್ಕ್ ಒಂದೇ?! ಬೈ ಚಾನ್ಸ್ ಬಿಟ್ಟು ಆಸ್ಕ್? ನೀವು ಕಾರವಾರಕ್ಕೆ ಬನ್ನಿ, ಮಾವನ ತಟ್ಟೆಯಲ್ಲೇ ಹಾಕಿ ಕೇಳಿಸುತ್ತೇನೆ. ಮೀನು ತಿನ್ನದಿದ್ದರೆ ಮೊದಲೇ ಹೇಳಿ.